ಬೊಳ್ಳಿಗೆ ಹೊತ್ತ ಸಪ್ಪೆ ಹರಕೆ

ನಾಯಿಯೊಂದರ ಜೀವಕ್ಕಾಗಿ ಸುಬ್ರಹ್ಮಣ್ಯ ದೇವರಿಗೆ ಹರಕೆ ಹೊತ್ತ ಹೆಂಗಸೊಬ್ಬಳು ಕೊಲ್ಲಮೊಗ್ರಿನಲ್ಲಿದ್ದಳು ಎಂದರೆ ಕೇಳುವವರಿಗೆ ನಗು ಬಂದೀತು. ನಗುವವರು ಈಗಲೇ ನಕ್ಕುಬಿಡಲಿ; ಮುಂದೆ ಅದಕ್ಕೆ ಹೆಚ್ಚು ಜಾಗವಿಲ್ಲ.

ಆಕೆಯ ಹೆಸರು ದುಗ್ಗಮ್ಮ. ಗಂಡ ದೇರಣ್ಣ ಗೌಡರು ಕಾಡಿನ ಅಂಚಿನಲ್ಲಿ ಗದ್ದೆ ಬೇಸಾಯ ಮಾಡಿಕೊಂಡಿದ್ದವರು. ಮದರಾಸು ಸರಕಾರ ಹೋಗಿ ಮೈಸೂರು ರಾಜ್ಯ ಬಂದ ಹೊಸತರಲ್ಲಿ ಒಂದು ಬೆಳಗ್ಗೆ, ತೆನೆ ಬಂದ ಗದ್ದೆಯಲ್ಲಿ ಒಂಟಿ ಹಂದಿಯೊಂದು ಗೌಡರನ್ನು ಕೆಡವಿ ತೊಡೆ ಸೀಳಿತು. ಅದು ಇನ್ನೊಮ್ಮೆ ತಿರುಗಿ ಬರುವಷ್ಟರಲ್ಲಿ ಮನೆಯ ಬಿಳಿ ಹೆಣ್ಣುನಾಯಿ ಬೊಳ್ಳಿ ಅದರ ಹಿಂಗಾಲಿಗೆ ಬಾಯಿ ಹಾಕಿತ್ತು. ಹಂದಿ ಕೊಡವಿತು, ಉರುಳಿತು, ನಾಯಿಯನ್ನು ಎಳೆದುಕೊಂಡೇ ಓಡಿತು. ಬೊಳ್ಳಿ ಬಿಡಲಿಲ್ಲ. ಅಷ್ಟರೊಳಗೆ ಗೌಡರು ತೆವಳಿಕೊಂಡು ಗದ್ದೆಯಂಚಿನ ಎತ್ತರದ ಹುಣಿ ಹತ್ತಿ ಜೀವ ಉಳಿಸಿಕೊಂಡರು.

ಅಂದಿನಿಂದ ದುಗ್ಗಮ್ಮ ಯಾರಾದರೂ ನಾಯಿಯ ಮಾತೆತ್ತಿದರೆ ಕೊರಳಿನ ಕರಿಮಣಿ ಮುಟ್ಟಿ ತೋರಿಸುತ್ತಿದ್ದಳು. "ಇದು ಇಲ್ಲಿ ಉಳಿದದ್ದು ಅದರಿಂದ. ನಾನು ತಾಳಿ ಮುಟ್ಟಿ ಸುಳ್ಳು ಹೇಳುದುಂಟಾ?"

ಆ ಬೊಳ್ಳಿಗೆ ಒಂದು ಮಳೆಗಾಲದಲ್ಲಿ ಸೌಖ್ಯ ತಪ್ಪಿತು. ಅಡಿಕೆ ಹಾಳೆಯಲ್ಲಿ ಹಾಕಿದ ಅನ್ನವನ್ನು ಮೂಸಿ ನೋಡಿ ಬಿಡುವುದು, ಹಳದಿ ನೀರು ವಾಂತಿ ಮಾಡುವುದು, ಹಿಂಗಾಲು ನಡುಗುವುದು. ಮೂರು ಹೊತ್ತು ಹೀಗೆ ಬಿದ್ದುಕೊಂಡದ್ದು ನಾಲ್ಕನೆಯ ಹೊತ್ತಿಗೆ ಏನೂ ಆಗದ ಹಾಗೆ ಎದ್ದು ಅಂಗಳದ ಕೋಳಿಗಳನ್ನು ಓಡಿಸುತ್ತಿತ್ತು. ಮನೆಗೆ ನೆಂಟರು ತುಂಬಿ ಗದ್ದಲವಾದರೆ, ಗುಡುಗು ಬಡಿದರೆ, ಮತ್ತೆ ಮಲಗುತ್ತಿತ್ತು. ರೋಗವೆನ್ನೋಣವೆಂದರೆ ನಾಳೆ ಇರುವುದಿಲ್ಲ. ಇಲ್ಲವೆನ್ನೋಣವೆಂದರೆ ಮೈ ದಿನದಿಂದ ದಿನಕ್ಕೆ ಇಳಿಯುತ್ತಿತ್ತು.

ಅದರ ಜೊತೆಗೆ ಒಂದು ಹೊಸ ಚಟವೂ ಅಂಟಿಕೊಂಡಿತು. ಗೌಡರು ಗದ್ದೆಯಿಂದ ಬಂದು ಜಗಲಿಯಲ್ಲಿ ಕುಳಿತರೆ ಅವರ ಬೆವೆತ ಕಾಲು, ಮೊಣಕಾಲಿನ ಹಿಂದು, ಬಿಚ್ಚಿಟ್ಟ ಮುಂಡಾಸು ಎಲ್ಲವನ್ನೂ ಬಿಡದೆ ನೆಕ್ಕುವುದು. ನೋಡಿದವರು ಅದನ್ನು ಪ್ರೀತಿ ಎಂದುಕೊಂಡರು. ದನಗಳಿಗೆ ಉಪ್ಪು ಬೆರೆಸಿಟ್ಟ, ಅಕ್ಕಿ ತೊಳೆದ ಅಕ್ಕಚ್ಚಿಗೆ ಮೂತಿ ಹಾಕಿದಾಗ ಹಸಿವು ಎಂದುಕೊಂಡರು. ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟ ಉಪ್ಪುಸೊಳೆಯ ಭರಣಿಯಿಂದ ಜಿನುಗಿದ ನೀರನ್ನು ನೆಲ ಸವೆಯುವಂತೆ ನೆಕ್ಕಿದಾಗ ಮಾತ್ರ ಅದಕ್ಕೆ ಕಳ್ಳಿ ಎಂಬ ಹೆಸರು ಬಂತು.

ಒಣಮೀನು ಮಾರಿಕೊಂಡು ಊರೂರು ತಿರುಗುತ್ತಿದ್ದ ಅಲಿ ಕುಂಞಿ ಅಂಗಳದಲ್ಲಿ ಬುಟ್ಟಿ ಇಳಿಸಿದರೆ ಬೊಳ್ಳಿ ಎಲ್ಲಿದ್ದರೂ ಓಡಿ ಬರುತ್ತಿತ್ತು.

"ದುಗ್ಗಮ್ಮಕ್ಕ, ನಿಮ್ಮ ನಾಯಿ ವ್ಯಾಪಾರ ತಿಳಿಯದ್ದು ಮಾರಾಯ್ತಿ," ಎಂದು ಅವನು ಒಮ್ಮೆ ನಕ್ಕ. "ಮೀನು ಕೊಟ್ಟರೆ ಬೇಡ ಅದಕ್ಕೆ. ಗೋಣಿಗೆ ಹಿಡಿದ ಉಪ್ಪು ನೆಕ್ಕುದು. ನನ್ನ ಬುಟ್ಟಿ ತೊಳೆಯುವ ಕೆಲಸಕ್ಕೆ ಇಟ್ಟುಕೊಳ್ಳಲಾ ಇದನ್ನು?"

"ನಿನ್ನ ಬುಟ್ಟಿ ತೊಳೆದರೆ ಮತ್ತೆ ನಾಯಿಯನ್ನು ಯಾರು ತೊಳೆಯುದು, ಹೇಳು," ಎಂದಳು ದುಗ್ಗಮ್ಮ.

ಇಬ್ಬರೂ ನಕ್ಕರು. ಪಕ್ಕದ ಗದ್ದೆಯ ಡೊಂಬಯ್ಯ ಮಾತ್ರ ನಗಲಿಲ್ಲ. "ನಾಯಿಗೆ ಉಪ್ಪು ಆಗುದಿಲ್ಲ ಅಕ್ಕ. ಕಜ್ಜಿ ಹಿಡೀತದೆ, ರೋಮ ಉದುರ್ತದೆ. ಇದರ ರೋಗಕ್ಕೂ ಅದೇ ಕಾರಣ ಇರ್ಬೇಕು," ಎಂದ. ಊರಿನಲ್ಲಿ ಹತ್ತು ಜನರನ್ನು ಕೇಳಿದರೆ ಹತ್ತೂ ಜನ ಹೇಳುತ್ತಿದ್ದ ಮಾತೇ ಅದು.

ನವರಾತ್ರಿ ಕಳೆದ ಮೇಲೆ ಒಂದು ದಿನ ಬೊಳ್ಳಿ ಏಳಲೇ ಇಲ್ಲ. ದುಗ್ಗಮ್ಮ ಮಿಂದು ಬಂದು, ತುಳಸಿಕಟ್ಟೆಯ ಮುಂದೆ ನಿಂತು, ಸುಬ್ರಹ್ಮಣ್ಯದ ದಿಕ್ಕಿಗೆ ಕೈ ಮುಗಿದಳು. ಬರುವ ಷಷ್ಠಿಯ ಜಾತ್ರೆಯವರೆಗೆ ಉಪ್ಪು ಮುಟ್ಟುವುದಿಲ್ಲ, ನನ್ನ ಬೊಳ್ಳಿಯನ್ನು ಎಬ್ಬಿಸಿಕೊಡು ಸ್ವಾಮಿ ಎಂದು ಹರಕೆ ಹೊತ್ತಳು.

ಮರುದಿನ ಬೊಳ್ಳಿ ಎದ್ದು ಬಾಲ ಆಡಿಸಿತು.

ಬಂದು ಹೋಗುವುದೇ ಆ ರೋಗದ ಗುಣ ಎಂದು ಅವಳಿಗೆ ಯಾರು ಹೇಳಬೇಕಿತ್ತು? ಅವಳ ಕಣ್ಣಿಗೆ ಕಂಡದ್ದು ದೇವರು ಓಗೊಟ್ಟದ್ದು ಒಂದೇ. ಸಪ್ಪೆ ಗಂಜಿಯನ್ನು ಪ್ರಸಾದವೆಂಬಂತೆ ಉಂಡಳು. ಕೆಲವು ದಿನಗಳ ಮೇಲೆ ನಾಯಿ ಮತ್ತೆ ಮಂಕಾದಾಗ ಅವಳಿಗೆ ತನ್ನ ತವರಿನ ಒಂದು ಕ್ರಮ ನೆನಪಾಯಿತು. ತಮ್ಮನಿಗೆ ಚಿಕ್ಕಂದಿನಲ್ಲಿ ಬಿಡದ ಜ್ವರ ಬಂದಿತ್ತು. ಆಗ ತಾಯಿ ಇದೇ ಹರಕೆ ಹೊತ್ತು, ತಾನೂ ಸಪ್ಪೆ ಉಂಡು, ಮಗುವಿಗೂ ಸಪ್ಪೆಯನ್ನೇ ಉಣಿಸಿದ್ದಳು. ಹರಕೆ ಹೊತ್ತವರು, ಹರಕೆ ಯಾರಿಗಾಗಿಯೋ ಅವರು, ಇಬ್ಬರ ನಾಲಿಗೆಯೂ ಒಂದೇ ವ್ರತದಲ್ಲಿರಬೇಕು ಎಂದು ಆ ಮನೆಯವರ ನಂಬಿಕೆ. ತಮ್ಮ ಬದುಕಿದ್ದ. ಈಗ ಸುಳ್ಯದಲ್ಲಿ ಅಂಗಡಿ ಇಟ್ಟುಕೊಂಡು ಗಟ್ಟಿಮುಟ್ಟಾಗಿದ್ದ.

"ತಪ್ಪಿದ್ದು ಇಲ್ಲೇ," ಎಂದಳು ಅವಳು ಗಂಡನಿಗೆ. "ನಾನು ಬಿಟ್ಟೆ, ಅದು ಕದ್ದು ತಿಂತಾ ಉಂಟು. ಅರ್ಧ ಹರಕೆ ದೇವರು ಹೇಗೆ ಒಪ್ಪುದು?"

ಉಪ್ಪು ತುಂಬಿಡುವ ಮರದ ಮರಿಗೆ ಅಟ್ಟಕ್ಕೆ ಹೋಯಿತು. ಭರಣಿಯ ಕೋಣೆಗೆ ಬಾಗಿಲು ಬಿತ್ತು. ದನಗಳ ಬಾನಿಯ ಹತ್ತಿರ ಹೋಗದಂತೆ ಬೊಳ್ಳಿಗೆ ಕಂಬವೂ ಹಗ್ಗವೂ ಬಂದವು. ಅಲಿ ಕುಂಞಿಯನ್ನು ಗೇಟಿನಿಂದಲೇ ಕಳಿಸಿದಳು. ಗಂಡ ಗದ್ದೆಯಿಂದ ಬಂದರೆ ಕಾಲಿಗೆ ನೀರು ಕೊಟ್ಟು, ತೊಳೆದ ಮೇಲೆಯೇ ಜಗಲಿಗೆ ಬಿಡುತ್ತಿದ್ದಳು. ಹೀಗೆ ಪಾಪದ ಜೀವಿಗೆ ಇದ್ದ ಒಂದೊಂದೇ ದಾರಿಯನ್ನು ಮುಚ್ಚುವಾಗಲೂ ಅದರ ತಲೆ ಸವರಿ, "ಷಷ್ಠಿ ಒಂದು ಕಳೀಲಿ ಮಗಾ, ಸ್ವಲ್ಪ ತಡ್ಕೋ," ಎನ್ನುತ್ತಿದ್ದಳು.

ಉಪ್ಪು ಪೂರ್ತಿ ನಿಂತ ಮೇಲೆ ಬೊಳ್ಳಿ ಮತ್ತೆ ಬಿದ್ದದ್ದು ಹಿಂದಿನಂತಿರಲಿಲ್ಲ. ಮೈ ತಣ್ಣಗಾಗಿತ್ತು, ಒಸಡು ಬೆಳ್ಳಗಾಗಿತ್ತು, ಕರೆದರೆ ಕಣ್ಣು ಮಾತ್ರ ತಿರುಗುತ್ತಿತ್ತು. ಕಡಬದ ಆಂಟಣಿ ಎಂಬ ಕೃಷಿಕ ಅಂದು ಕಾಳುಮೆಣಸಿನ ಬಳ್ಳಿಗೆಂದು ಆ ಕಡೆಗೆ ಜೀಪಿನಲ್ಲಿ ಬಂದಿದ್ದ. ಗೌಡರು ನಾಯಿಯನ್ನು ಗೋಣಿಯಲ್ಲಿ ಸುತ್ತಿ ಎತ್ತಿಕೊಂಡು ಪುತ್ತೂರಿನ ದನದ ಆಸ್ಪತ್ರೆಗೆಂದು ರಸ್ತೆಗೆ ಇಳಿದದ್ದು ನೋಡಿ ಜೀಪು ನಿಲ್ಲಿಸಿದ.

"ಗೌಡ್ರೆ, ನಾಯಿಯನ್ನಾ ಪುತ್ತೂರಿಗೆ ಕೊಂಡು ಹೋಗುದು?"

"ನಾಯಿ ಹೌದು ಆಂಟಣಿ. ಆದರೆ ನಾನು ಬದುಕಿರುದು ಇದರಿಂದ."

"ಹಾಗಾದ್ರೆ ಹತ್ತಿ. ಮುಂದೆಯೇ ಕೂತುಕೊಳ್ಳಿ, ಹಿಂದೆ ಕುಲುಕ್ತದೆ."

ಪುತ್ತೂರಿನಲ್ಲಿ ದನದ ಡಾಕ್ಟರಾಗಿದ್ದವರು ಗೌರೀಶಂಕರ ಎಂಬ ಎಳೆ ಪ್ರಾಯದವರು, ಮದರಾಸಿನಲ್ಲಿ ಓದಿ ಬಂದವರು. ನಾಯಿಯ ಎದೆಗೆ ಕೊಳವೆ ಇಟ್ಟವರು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಇಷ್ಟು ಸೋತ ನಾಯಿಗೆ ಎದೆ ಓಡ್ಬೇಕಿತ್ತು," ಎಂದರು. "ಇದರದ್ದು ತೀರಾ ನಿಧಾನ. ಘಾಟಿ ಹತ್ತುವ ಎತ್ತಿನ ಹೆಜ್ಜೆಯ ಹಾಗೆ ಉಂಟು. ಗೌಡ್ರೆ, ಇದು ಉಪ್ಪು ಕಂಡ್ರೆ ಮೇಲೆ ಬಿದ್ದು ನೆಕ್ತದಾ?"

ಗೌಡರು ಬೆರಗಾಗಿ ಎಲ್ಲವನ್ನೂ ಹೇಳಿದರು. ಹರಕೆಯ ಮಾತನ್ನು ಮಾತ್ರ ಹೇಳಲಿಲ್ಲ; ಹೆಂಡತಿಯ ಭಕ್ತಿಯನ್ನು ಪರರ ಮುಂದೆ ಇಡಲು ಸಂಕೋಚವಾಯಿತು.

ಡಾಕ್ಟರು ಉಪ್ಪುನೀರಿನ ಬಾಟ್ಲಿ ತೂಗುಹಾಕಿ ಸೂಜಿಯಿಂದ ನಾಯಿಯ ಮೈಗೆ ಇಳಿಸಿದರು. ಮಧ್ಯಾಹ್ನದ ಬಿಸಿಲು ಓರೆಯಾಗುವಷ್ಟರಲ್ಲಿ ಬೊಳ್ಳಿ ತಲೆ ಎತ್ತಿತು. ಆಮೇಲೆ ಎದ್ದು ನಿಂತಿತು.

"ಇದು ಗುಣ ಆದದ್ದಲ್ಲ, ಕೇಳಿ," ಎಂದರು ಡಾಕ್ಟರು. "ಮೂತ್ರಪಿಂಡ ಉಂಟಲ್ಲ, ಅದರ ಒತ್ತಿಗೆ ಒಂದೊಂದು ಸಣ್ಣ ಗ್ರಂಥಿ ಇರ್ತದೆ. ಅದರ ರಸ ಮೈಯ ಉಪ್ಪನ್ನು ಹಿಡಿದಿಡುದು. ಹೆದರಿಕೆ, ಓಟ, ಆಯಾಸ ತಡಕೊಳ್ಳುವ ಶಕ್ತಿ ಕೊಡುದೂ ಅದೇ. ಅದು ಬತ್ತಿದ್ರೆ ಉಪ್ಪೆಲ್ಲ ಮೂತ್ರದಲ್ಲಿ ಹೋಗ್ತದೆ, ಉಪ್ಪಿನ ಹಿಂದೆ ನೀರೂ ಹೋಗ್ತದೆ, ಕೊನೆಗೆ ಎದೆ ನಿಲ್ತದೆ. ಮನುಷ್ಯರಿಗೆ ಇಂಥ ರೋಗ ಉಂಟೂಂತ ಓದುವಾಗ ಪಾಠ ಆಗಿತ್ತು. ನಾಯಿಯಲ್ಲಿ ನಾನು ನೋಡುದು ಇದೇ ಮೊದಲು. ರಕ್ತ ಪರೀಕ್ಷೆಗೆ ಇಲ್ಲಿ ಅನುಕೂಲ ಇಲ್ಲ. ಆದ್ರೂ ಅದೇ ಅಂತ ನನ್ನ ಅಂದಾಜು."

"ಮದ್ದು?"

"ಆ ರಸದ ಬದಲಿಗೆ ಮಾತ್ರೆ ಬಂದಿದೆ ಈಗ. ಮಂಗಳೂರಿಂದ ತರಿಸ್ತೇನೆ. ಅಲ್ಲಿವರೆಗೆ ಪ್ರತಿ ಊಟಕ್ಕೂ ಉಪ್ಪು. ಪಾಪ, ಅದು ತನ್ನ ಮದ್ದು ತಾನೇ ಹುಡುಕಿಕೊಂಡು ಇಷ್ಟು ದಿನ ಉಳಿದಿದೆ. ಉಪ್ಪು ತಪ್ಪಿದ್ರೆ ಇದು ಉಳಿಯುದಿಲ್ಲ. ಮನೆಯಲ್ಲಿ ಸರಿಯಾಗಿ ಹೇಳಿ."

ಹಿಂದಿರುಗುವ ಬಸ್ಸಿನಲ್ಲಿ ಗೌಡರು ನಾಯಿಯನ್ನು ಕಾಲ ಸಂದಿಯಲ್ಲಿ ಕೂರಿಸಿಕೊಂಡು ಅದೇ ಮಾತನ್ನು ಮನಸ್ಸಿನಲ್ಲಿ ಮಗುಚುತ್ತಿದ್ದರು. ಬೊಳ್ಳಿಯನ್ನು ಸಾವಿನ ಬಾಯಿಗೆ ನೂಕಿದ್ದು ದುಗ್ಗಮ್ಮನ ಹರಕೆ. ಇದನ್ನು ಅವಳಿಗೆ ಹೇಳುವುದು ಹೇಗೆ? ಹೊಟ್ಟೆ ಕಟ್ಟಿ, ನಾಲಿಗೆ ಕಟ್ಟಿ, ದೇವರ ಹೆಸರಿನಲ್ಲಿ ಮಾಡಿದ್ದು. ಗೌಡರು ಒರಟು ಮಾತು ಆಡದ ಮನುಷ್ಯ. ಆಳುಗಳನ್ನು ಗದರಿಸುವಾಗಲೂ ಮಾತಿಗೆ ಬೆಲ್ಲ ಸವರುತ್ತಿದ್ದರು. ಊರಿನಲ್ಲಿ ಅದಕ್ಕಾಗಿ ಅವರಿಗೆ ಒಳ್ಳೆಯ ಹೆಸರಿತ್ತು.

ತನ್ನ ಕಾಲಲ್ಲೇ ನಡೆದು ಬಂದ ನಾಯಿಯನ್ನು ಕಂಡು ದುಗ್ಗಮ್ಮ ಅಂಗಳದಲ್ಲೇ ಕುಸಿದು ಕುಳಿತಳು. "ನೋಡಿದ್ರಾ? ಸಪ್ಪೆ ಪೂರ್ತಿ ಆದದ್ದೇ ಸ್ವಾಮಿ ಎಬ್ಬಿಸಿ ಕಳಿಸಿದ," ಎಂದು ಕಣ್ಣೊರೆಸಿಕೊಂಡಳು. "ಡಾಕ್ಟ್ರು ಎಂತ ಹೇಳಿದ್ರು?"

ಗೌಡರು ಆ ಮುಖ ನೋಡಿದರು.

"ನಂಜು ಏನೋ ಇತ್ತಂತೆ. ಮಾತ್ರೆ ತರಿಸ್ತಾರೆ. ಮತ್ತೆ… ಸ್ವಲ್ಪ ಉಪ್ಪು ಕೊಟ್ಟರೆ ಒಳ್ಳೆದಂತೆ."

ಒಳ್ಳೆದಂತೆ. ಕಷಾಯ ಕುಡಿದರೆ ಒಳ್ಳೆದಂತೆ, ಮಂಗಳವಾರ ಪ್ರಯಾಣ ಬೇಡವಂತೆ ಎಂದು ನಾವು ಜಗಲಿಯಲ್ಲಿ ಕುಳಿತು ಆಡುವುದಿಲ್ಲವೆ, ಆ ಧಾಟಿಯಲ್ಲಿ ಹೇಳಿದರು.

"ಕೊಡುವ. ಷಷ್ಠಿಗೆ ಇನ್ನೆಷ್ಟು ದಿನ ಉಂಟು?" ಎಂದಳು ದುಗ್ಗಮ್ಮ. "ಎಬ್ಬಿಸಿದ ದೇವರಿಗೆ ಕೊಟ್ಟ ಮಾತು ಮುಗೀಲಿ. ಮತ್ತೆ ಬೇಕಾದಷ್ಟು ಕೊಡುವ."

ಗೌಡರು ಹೂಂ ಎಂದರು.

ಸುಮ್ಮನೆ ಕೂರಲೂ ಅವರಿಂದ ಆಗಲಿಲ್ಲ. ಗದ್ದೆಗೆ ಹೋಗುವಾಗ ನಾಯಿಯನ್ನು ಬಿಚ್ಚಿಕೊಂಡು ಹೋಗಿ, ಡೊಂಬಯ್ಯನ ಮನೆಯಿಂದ ಕೇಳಿ ತಂದ ಉಪ್ಪನ್ನು ಬಾಳೆಲೆಯ ತುಂಡಿನಲ್ಲಿ ಕಟ್ಟಿಟ್ಟುಕೊಂಡು ಗುಟ್ಟಾಗಿ ನೆಕ್ಕಿಸತೊಡಗಿದರು. ಬೊಳ್ಳಿ ಅವರ ಬೆರಳ ಸಂದಿಯನ್ನೂ ಬಿಡುತ್ತಿರಲಿಲ್ಲ. ಗೌಡರು ಮಾತ್ರ ದೇವರಿಗೆ ಇಟ್ಟದ್ದನ್ನು ಕದಿಯುತ್ತಿದ್ದೇನೆ ಎನಿಸಿ, ಹಿಡಿ ಕೊಡಬೇಕಾದಲ್ಲಿ ಚಿಟಿಕೆ ಕೊಟ್ಟು, ಉಳಿದದ್ದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಆದರೂ ನಾಯಿ ನಿಂತಿತು, ನಡೆಯಿತು, ಕೋಳಿಗಳನ್ನು ಓಡಿಸಿತು. ದುಗ್ಗಮ್ಮ ಅದನ್ನು ನೋಡಿದಾಗಲೆಲ್ಲ ಸುಬ್ರಹ್ಮಣ್ಯದ ದಿಕ್ಕಿಗೆ ಕೈ ಮುಗಿದಳು. ಗೌಡರ ಕಳ್ಳತನ ಹೀಗೆ ಅವಳ ನಂಬಿಕೆಯನ್ನೇ ಗಟ್ಟಿ ಮಾಡುತ್ತಾ ಹೋಯಿತು.

ಮಾತ್ರೆ ಬಂದಿರಬಹುದೆಂದು ಅವರು ಪುತ್ತೂರಿಗೆ ಹೊರಟ ದಿನ ದುಗ್ಗಮ್ಮ ಗೇಟಿನವರೆಗೆ ಬಂದಳು. ಗೌಡರು ನಿಂತು ಬಾಯಿ ತೆರೆದರು. ಮಾತು ನಾಲಿಗೆಯ ತುದಿಯಲ್ಲಿತ್ತು.

"ಎಂತ?" ಎಂದಳು.

"ಅದನ್ನು ಕಟ್ಟಿ ಹಾಕ್ಬೇಡ, ಪಾಪ," ಎಂದಷ್ಟೇ ಹೇಳಿ ಇಳಿದು ಹೋದರು.

ಮಾತ್ರೆ ಬಂದಿರಲಿಲ್ಲ. ನಾಳೆಯ ಮಂಗಳೂರು ಬಸ್ಸಿನಲ್ಲಿ ಬರಬಹುದು, ನಿಂತು ನೋಡಿ ಎಂದರು ಡಾಕ್ಟರು. "ಉಪ್ಪು ನಡೀತಾ ಉಂಟಲ್ಲ?" ಎಂದು ಕೇಳಿದರು. ನಡೀತಾ ಉಂಟು ಎಂದರು ಗೌಡರು. ಪರಿಚಯದವರ ಮನೆಯಲ್ಲಿ ಉಳಿದರು. ಮರುದಿನದ ಬಸ್ಸಿನಲ್ಲಿಯೂ ಮಾತ್ರೆ ಬರಲಿಲ್ಲ.

ಇತ್ತ ಊರಿನಲ್ಲಿ ಅದೇ ದಿನ ಬೆಳಗ್ಗೆ ಡೊಂಬಯ್ಯನ ಗದ್ದೆಗೆ ಹಂದಿ ಹಿಂಡು ಇಳಿದಿತ್ತು. ಓಡಿಸಲು ಅವನು ಗರ್ನಾಲು ಎಂಬ ಸಿಡಿಮದ್ದು ಹೊಡೆದ. ಗುಡ್ಡಕ್ಕೆ ಗುಡ್ಡವೇ ಓಗೊಡುವಂಥ ಸದ್ದು. ಜಗಲಿಯ ಬದಿಯಲ್ಲಿ ಮಲಗಿದ್ದ ಬೊಳ್ಳಿ ದಿಗಿಲು ಬಿದ್ದು ಎದ್ದಿತು. ಎದ್ದದ್ದೇ ಹಂದಿಯ ವಾಸನೆ ಹಿಡಿದು, ಹಳೆಯ ಅಭ್ಯಾಸದಂತೆ ಗದ್ದೆಗೆ ಧುಮುಕಿತು. ಎರಡನೆಯ ಗರ್ನಾಲು ಸಿಡಿಯುವಾಗ ಹುಣಿಯ ಮೇಲೆ ಓಡುತ್ತಿತ್ತು. ಅಲ್ಲೇ ಕಾಲು ಮಡಿದು ಬಿತ್ತು.

ದುಗ್ಗಮ್ಮ ಕೆಸರಿನಲ್ಲಿ ಓಡಿ ಬಂದು ಅದರ ತಲೆಯನ್ನು ಮಡಿಲಿಗೆ ಎತ್ತಿಕೊಂಡಳು. ಮನೆಯಿಂದ ತೀರ್ಥ ತರಿಸಿ ಬಾಯಿಗೆ ಬಿಟ್ಟಳು. ಡೊಂಬಯ್ಯನ ಹೆಂಡತಿ ಕುಮುದಿನಿ ತನ್ನ ಒಲೆಯ ಮೇಲಿದ್ದ ಗಂಜಿತಿಳಿಯನ್ನು ಬಟ್ಟಲಲ್ಲಿ ಹಿಡಿದು ಓಡಿ ಬಂದಳು.

"ಇದು ಕುಡಿಸಿ ಅಕ್ಕ. ಎರಡು ಕಲ್ಲು ಉಪ್ಪು ಹಾಕಿದ್ದೇನೆ, ಸುಸ್ತಿಗೆ ಒಳ್ಳೆದು."

ನಾಯಿಯ ಮೂಗು ಬಟ್ಟಲಿನ ಕಡೆಗೆ ತಿರುಗಿತು. ನಾಲಿಗೆ ಹೊರಗೆ ಬಂತು.

ದುಗ್ಗಮ್ಮ ಬಟ್ಟಲನ್ನು ಕೈಯಿಂದ ದೂರ ಸರಿಸಿದಳು. "ಉಪ್ಪು ಬೇಡ ಕುಮುದಿನಿ. ಹರಕೆ ಉಂಟು. ಇಷ್ಟು ದಿನ ಕಾದು ಈಗ ಕೆಡಿಸಿದ್ರೆ ಇದರ ಜೀವಕ್ಕೆ ಯಾರು ಹೊಣೆ? ನಮ್ಮ ಸಪ್ಪೆ ಗಂಜಿ ಒಲೆಯ ಮೇಲೆ ಉಂಟು, ಅದನ್ನು ತಾ."

ಸಪ್ಪೆ ಗಂಜಿ ಬರುವ ಮೊದಲೇ ಬೊಳ್ಳಿಯ ಉಸಿರು ನಿಂತಿತ್ತು.

ಗೌಡರು ಬಂದಾಗ ಹಲಸಿನ ಬುಡದಲ್ಲಿ ಮಣ್ಣು ಹಸಿಯಾಗಿತ್ತು. ದುಗ್ಗಮ್ಮ ಅತ್ತು ಮುಗಿಸಿದ್ದಳು. "ನಾನು ಒಂದು ದಿನವೂ ತಪ್ಪಲಿಲ್ಲ," ಎಂದಳು. "ನಮ್ಮ ಕೈಯಲ್ಲಿ ಆಗುದನ್ನೆಲ್ಲ ಮಾಡಿದೆವು. ಅದರ ಋಣ ಅಷ್ಟೇ ಇತ್ತು." ಆ ಮಾತನ್ನು ಹಿಡಿದುಕೊಂಡು ಅವಳು ಷಷ್ಠಿಯವರೆಗೂ ಸಪ್ಪೆ ಉಂಡು ಹರಕೆ ಪೂರೈಸಿದಳು. ಗೌಡರು ಅವಳ ಎದುರು ಕುಳಿತು ಉಣ್ಣುವುದನ್ನು ಬಿಟ್ಟರು. ಗದ್ದೆಯಲ್ಲಿ ಕೆಲಸ ಉಂಟು ಎಂದು ನೆಪ ಹೇಳಿ ತಡವಾಗಿ ಬರುತ್ತಿದ್ದರು.

ಷಷ್ಠಿ ಕಳೆದ ಮೇಲೆ ದನಗಳಿಗೆ ಚುಚ್ಚುಮದ್ದು ಹಾಕಲು ಡಾಕ್ಟರು ಗೌರೀಶಂಕರ ಕೊಲ್ಲಮೊಗ್ರಿಗೆ ಬಂದರು. ಕೆಲಸ ಮುಗಿಸಿ ಗೌಡರ ಜಗಲಿಯಲ್ಲಿ ಕುಳಿತರು. ದುಗ್ಗಮ್ಮ ಮಜ್ಜಿಗೆ ತಂದಳು.

"ಬೊಳ್ಳಿ ಎಲ್ಲಿ ಗೌಡ್ರೆ? ಮಾತ್ರೆ ಬಂದಿದೆ. ನೀವು ಬರ್ತೀರಿ ಅಂತ ಇಟ್ಟುಕೊಂಡಿದ್ದೆ."

"ಹೋಯ್ತು ಡಾಕ್ಟ್ರೆ."

"ಅಯ್ಯೋ." ಡಾಕ್ಟರು ಲೋಟ ಕೆಳಗಿಟ್ಟರು. "ಉಪ್ಪು ಕೊಡ್ತಾ ಇದ್ರಲ್ಲ? ತಪ್ಪಿದ್ರೆ ಉಳಿಯುದಿಲ್ಲ ಅಂತ ಹೇಳಿದ್ದೆ."

ಗೌಡರು ನೆಲ ನೋಡಿದರು. ಬಾಗಿಲ ಬಳಿ ತಿರುಗಿದ್ದ ದುಗ್ಗಮ್ಮ ಅಲ್ಲೇ ನಿಂತಳು.

"ಡಾಕ್ಟ್ರೆ," ಎಂದಳು, "ಕೊಟ್ಟರೆ ಒಳ್ಳೆದು ಅಂತ ಹೇಳಿದ್ದಾ ನೀವು, ತಪ್ಪಿದ್ರೆ ಉಳಿಯುದಿಲ್ಲ ಅಂತ ಹೇಳಿದ್ದಾ?"

ಡಾಕ್ಟರು ಒಮ್ಮೆ ಗೌಡರನ್ನು ನೋಡಿದರು. "ಎರಡೂ ಒಂದೇ ಅಲ್ವಾ ಅಮ್ಮ?"

"ಒಂದೇ ಅಲ್ಲ."

ಆಮೇಲೆ ಅವಳೇ ಕೇಳಿದಳು: "ಅಂದು ನಾನು ಉಪ್ಪಿನ ಗಂಜಿ ದೂರ ಮಾಡಿದೆ. ಕುಡಿಸಿದ್ರೆ ಉಳೀತಿತ್ತಾ?"

"ಆ ಹೊತ್ತಿಗೆ ಕಷ್ಟ. ಉಳೀತಿತ್ತು ಅಂತ ನಾನು ಹೇಳುವ ಹಾಗಿಲ್ಲ."

"ಅದಕ್ಕಿಂತ ಮೊದಲು? ಈ ತಿಂಗಳಿಡೀ ಕೊಟ್ಟಿದ್ರೆ?"

ಡಾಕ್ಟರು ತಲೆ ತಗ್ಗಿಸಿ ಚೀಲ ಎತ್ತಿಕೊಂಡರು. ಅವಳು ಒಳಗೆ ಹೋದಳು.

ಡಾಕ್ಟರನ್ನು ಕಳಿಸಿಕೊಟ್ಟು ಬಂದ ಗೌಡರು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ನಿನಗೆ ಬೇಸರ ಆದೀತು ಅಂತ ಹೇಳಲಿಲ್ಲ. ದೇವರ ಹೆಸರಲ್ಲಿ ಮಾಡಿದ್ದನ್ನು ನಾನು ಹೇಗೆ… ತಪ್ಪು ನನ್ನದು. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನದು ಎಂತದೂ ಇಲ್ಲ ಇದರಲ್ಲಿ."

"ಕಟ್ಟಿ ಹಾಕಿದ್ದು ಯಾರು? ಮರಿಗೆ ಅಟ್ಟಕ್ಕೆ ಇಟ್ಟದ್ದು ಯಾರು?" ದುಗ್ಗಮ್ಮನ ದನಿ ಏರಲಿಲ್ಲ. "ನಿಮ್ಮದಿಷ್ಟು, ನನ್ನದಿಷ್ಟು ಅಂತ ಪಾಲು ಮಾಡಲಿಕ್ಕೆ ಅದೆಂತ ಗದ್ದೆಯಾ? ನೀವು ಒಂದು ಸಲ ಗಟ್ಟಿಯಾಗಿ ಹೇಳಿದ್ದಿದ್ರೆ ನಾನು ದೇವರ ಕಾಲು ಹಿಡಿದು ಮಾತು ವಾಪಸು ತೆಗೀತಿದ್ದೆ. ಅವನು ಕೊಡದೆ ಇರ್ತಿದ್ನಾ?"



ಮರುದಿನ ಬೆಳಗ್ಗೆ ಅವಳು ಸುಬ್ರಹ್ಮಣ್ಯಕ್ಕೆ ಹೊರಟಳು. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಗೌಡರು ಹಿಂದೆ ಹಿಂದೆ ನಡೆದರು. ಹಬ್ಬದ ಜನವೆಲ್ಲ ಹೋಗಿ ಕ್ಷೇತ್ರ ಶಾಂತವಾಗಿತ್ತು. ಕುಮಾರಧಾರೆಯಲ್ಲಿ ಮಿಂದು ಅವಳು ಒಳಗೆ ಹೋದಳು. ಗೌಡರು ಹೊರಗಿನ ಅಂಗಳದಲ್ಲಿ ನಿಂತರು. ಬಹಳ ಹೊತ್ತಾದ ಮೇಲೆ ಬಂದು ಮೆಟ್ಟಿಲಿನ ಮೇಲೆ ಕುಳಿತಳು.

"ದೇವರಲ್ಲಿ ಎಂತ ಕೇಳಿದೆ?" ಎಂದರು ಗೌಡರು, ಅಳುಕುತ್ತಾ.

"ಕೇಳಲಿಲ್ಲ. ನಡೆದದ್ದು ಹೇಳಿದೆ. ಅವನಿಗೆ ಗೊತ್ತಿಲ್ಲದ್ದಲ್ಲ, ಆದ್ರೂ ನನ್ನ ಬಾಯಿಂದ ಆಗ್ಬೇಕಿತ್ತು." ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವೂ ಹೋಗಿ ಹೇಳಿ ಬನ್ನಿ. ನಾನು ಇಲ್ಲಿ ಕೂತಿರ್ತೇನೆ."

ಗೌಡರು ಅಂಗಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಒಳಗೆ ನಡೆದರು. ನಂದಾದೀಪದ ಬೆಳಕಿನಲ್ಲಿ ಕೈ ಮುಗಿದು ನಿಂತರು. ಸ್ವಾಮಿ, ಹೀಗೊಂದು ಸಣ್ಣ ತಪ್ಪಾಯಿತು ಎಂದು ಶುರು ಮಾಡಿದರು. ಅಲ್ಲಿಗೇ ನಿಲ್ಲಿಸಿದರು. ಹಿಂದೆ ಯಾರೋ ದರ್ಶನಕ್ಕೆ ಕಾಯುತ್ತಿದ್ದರು. ಅವರಿಗೆ ದಾರಿ ಬಿಟ್ಟು, ಬದಿಗೆ ಸರಿದು, ಮೊದಲಿನಿಂದ ಹೇಳತೊಡಗಿದರು.